ಹಳೆಯ ಶೆಡ್ಡಿಗೆ ಫೋಮ್ ಚಾವಣಿ: ಯಾವುದಕ್ಕೆ ಒಗ್ಗುತ್ತದೆ, ಯಾವುದಕ್ಕೆ ಬೇಡ

ಬೆಂಗಳೂರಿನ ಪೀಣ್ಯ, ಮಂಗಳೂರಿನ ಬೈಕಂಪಾಡಿ, ಹುಬ್ಬಳ್ಳಿಯ ಗೋಕುಲ ರಸ್ತೆ. ಈ ಕೈಗಾರಿಕಾ ಪ್ರದೇಶಗಳಲ್ಲಿ ಮೂವತ್ತು, ನಲವತ್ತು ವರ್ಷದ ಹಿಂದೆ ಎದ್ದ ಶೆಡ್ಡುಗಳು ಇನ್ನೂ ದುಡಿಯುತ್ತಿವೆ. ಗೋಡೆ ಗಟ್ಟಿಯಾಗಿದೆ, ಕಂಬ ನೆಟ್ಟಗಿದೆ, ಕೈಕೊಟ್ಟಿರುವುದು ತಲೆಯ ಮೇಲಿನದು. ಬೇಸಿಗೆಯಲ್ಲಿ ತಗಡಿನಡಿ ನಿಂತು ಕೆಲಸ ಮಾಡುವುದು ಕಷ್ಟ. 2024ರ ಏಪ್ರಿಲ್ 28ರಂದು ತಂಪಿನ ಊರೆಂದು ಹೆಸರಾದ ಬೆಂಗಳೂರಿನಲ್ಲೇ 38.5 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಜೂನ್ ಬಂತೆಂದರೆ ಯಂತ್ರಗಳ ಮೇಲೆ ತಾಡಪಾಲು, ನೆಲದ ಮೇಲೆ ಬಕೆಟ್ಟು.

ಇಂಥ ಮಾಲೀಕರ ಮುಂದೆ ಗುತ್ತಿಗೆದಾರರು ಇಡುವ ಉತ್ತರಗಳಲ್ಲಿ ಒಂದು ಫೋಮ್, ಅಂದರೆ ಸಿಂಪಡಿಸಿದೊಡನೆ ಉಬ್ಬಿ ಗಟ್ಟಿಯಾಗುವ ನೊರೆ. ಹಳೆಯ ಚಾವಣಿ ಕೀಳುವುದೇ ಬೇಡ, ಅದರ ಮೇಲೆಯೇ ಪಿಯು ಫೋಮ್ ಹೊಡೆದುಬಿಡೋಣ, ಸೋರುವುದೂ ನಿಲ್ಲುತ್ತದೆ, ಬಿಸಿಲೂ ಇಳಿಯುವುದಿಲ್ಲ ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಅದು ನಿಜವಾಗಲು ಕೆಲವು ಷರತ್ತುಗಳಿವೆ. ಅವುಗಳಲ್ಲಿ ದೊಡ್ಡದು ಒಂದೇ: ಫೋಮ್ ಕೂರುವ ಚಾವಣಿ ಒಣಗಿರಬೇಕು, ಗಟ್ಟಿಯಾಗಿರಬೇಕು. ಉಳಿದದ್ದೆಲ್ಲ ಆಮೇಲಿನ ಮಾತು.

ಹಳೆಯ ಚಾವಣಿ ಸೋರುವುದು ಎಲ್ಲಿ?

ಸೋರಿಕೆ ಸಾಮಾನ್ಯವಾಗಿ ಚಾವಣಿಯ ನಡುವೆ ಶುರುವಾಗುವುದಿಲ್ಲ. ಎರಡು ವಸ್ತು ಸೇರುವ ಕಡೆ ಶುರುವಾಗುತ್ತದೆ. ತಗಡಿನ ಶೆಡ್ಡಿನಲ್ಲಿ ಒಂದು ಶೀಟಿನ ಮೇಲೆ ಇನ್ನೊಂದು ಹತ್ತಿ ಕೂತ ಜಾಗ, ಜೆ-ಬೋಲ್ಟ್ ಹೊಡೆದ ತೂತು, ಬಿರುಕುಬಿಟ್ಟ ವಾಷರ್, ತುದಿಯ ರಿಡ್ಜ್, ಎರಡು ಇಳಿಜಾರು ಕೂಡುವಲ್ಲಿ ಕೂರಿಸಿದ ಗಟರ್. ಆರ್‌ಸಿಸಿ ತಾರಸಿಯಲ್ಲಾದರೆ ಪ್ಯಾರಾಪೆಟ್ ಗೋಡೆಯ ಬುಡ, ಪೈಪು ಹೊರಬರುವ ತೂತು, ನೀರು ಇಳಿಯುವ ಬಾಯಿ.

ತಗಡಿಗೆ ಇನ್ನೂ ಒಂದು ಕಷ್ಟವಿದೆ. ಅದು ದಿನವೂ ಹಿಗ್ಗುತ್ತದೆ, ಕುಗ್ಗುತ್ತದೆ. ಮಧ್ಯಾಹ್ನದ ಬಿಸಿಲಿಗೂ ರಾತ್ರಿಯ ತಂಪಿಗೂ ತಗಡಿನ ಉಷ್ಣತೆಯಲ್ಲಿ 40 ಡಿಗ್ರಿ ವ್ಯತ್ಯಾಸವಾದರೆ, 30 ಮೀಟರ್ ಉದ್ದದ ಉಕ್ಕಿನ ಚಾವಣಿ ಸುಮಾರು 14 ಮಿಲಿಮೀಟರ್ ಸರಿದಾಡುತ್ತದೆ. ಬೋಲ್ಟಿನ ತೂತು ವರ್ಷದಿಂದ ವರ್ಷಕ್ಕೆ ಅಗಲವಾಗುವುದು ಈ ಎಳೆದಾಟದಿಂದಲೇ. ತೂತಿಗೆ ಡಾಂಬರು ಮೆತ್ತಿದರೆ ಒಂದೆರಡು ಮಳೆಗಾಲ ತಡೆಯಬಹುದು, ಎಳೆದಾಟ ನಿಲ್ಲದೆ ತೂತು ನಿಲ್ಲದು.

ಫೋಮ್‌ನ ಮೊದಲ ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದು ಹಾಳೆಯಾಗಿ ಬರುವುದಿಲ್ಲ, ದ್ರವವಾಗಿ ಬಂದು ಅಲ್ಲೇ ಗಟ್ಟಿಯಾಗುತ್ತದೆ. ಆದ್ದರಿಂದ ಅದಕ್ಕೆ ಜೋಡುಗಳೇ ಇಲ್ಲ. ಬೋಲ್ಟಿನ ತಲೆ, ಪೈಪಿನ ಸುತ್ತು, ಪ್ಯಾರಾಪೆಟ್ಟಿನ ಬುಡ ಎಲ್ಲವನ್ನೂ ಒಂದೇ ಹೊದಿಕೆಯಾಗಿ ಸುತ್ತಿಕೊಳ್ಳುತ್ತದೆ. ಬಿಸಿಲು ನೇರವಾಗಿ ತಗಡಿಗೆ ತಾಕದಿರುವುದರಿಂದ ಆ ಹಿಗ್ಗು-ಕುಗ್ಗೂ ಬಹಳ ಕಡಿಮೆಯಾಗುತ್ತದೆ.

ಎರಡು ಡ್ರಮ್ಮು, ಒಂದು ಗನ್ನು

ಪಿಯು ಎಂದರೆ ಪಾಲಿಯುರೆಥೇನ್. ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಒಟ್ಟೊ ಬೇಯರ್ ಮತ್ತು ಅವರ ಸಹೋದ್ಯೋಗಿಗಳು 1937ರಲ್ಲಿ ಕಂಡುಕೊಂಡ ರಾಸಾಯನಿಕ ಕ್ರಿಯೆಯ ಫಲ ಇದು. ನಮ್ಮ ಹಾಸಿಗೆಯ ಸ್ಪಂಜು, ಫ್ರಿಜ್ಜಿನ ಗೋಡೆಯೊಳಗಿನ ಗಟ್ಟಿ ನೊರೆ, ಚಪ್ಪಲಿಯ ಅಟ್ಟೆ ಎಲ್ಲವೂ ಈ ಕುಟುಂಬದವೇ. ಚಾವಣಿಗೆ ಸಿಂಪಡಿಸುವ ಪದ್ಧತಿ ಅಮೆರಿಕದಲ್ಲಿ 1960ರ ದಶಕದಿಂದ ಬೆಳೆಯಿತು.

ಕೆಲಸದ ಜಾಗಕ್ಕೆ ಎರಡು ಬಗೆಯ ಡ್ರಮ್ಮುಗಳು ಬರುತ್ತವೆ. ಒಂದರಲ್ಲಿ ಐಸೊಸಯನೇಟ್ ಎಂಬ ಕಂದು ದ್ರವ. ಇನ್ನೊಂದರಲ್ಲಿ ಪಾಲಿಯಾಲ್, ಅದರ ಜೊತೆಗೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು, ಬೆಂಕಿ ಹರಡುವುದನ್ನು ತಡೆಯುವ ವಸ್ತು, ಮತ್ತು ಬಿಸಿಯಾದೊಡನೆ ಅನಿಲವಾಗಿ ನೊರೆ ಎಬ್ಬಿಸುವ ಇನ್ನೊಂದು ದ್ರವ. ಯಂತ್ರವೊಂದು ಇವೆರಡನ್ನೂ ಸಮಪ್ರಮಾಣದಲ್ಲಿ, ಸುಮಾರು 50 ಡಿಗ್ರಿಗೆ ಕಾಯಿಸಿ, ಭಾರಿ ಒತ್ತಡದಲ್ಲಿ ಬೇರೆ ಬೇರೆ ಕೊಳವೆಗಳಲ್ಲಿ ದೂಡುತ್ತದೆ. ಎರಡೂ ಮೊದಲ ಬಾರಿ ಸೇರುವುದು ಗನ್ನಿನ ಬಾಯಲ್ಲಿ. ಮುಂದಿನದೆಲ್ಲ ಕೆಲವೇ ಸೆಕೆಂಡುಗಳ ಕೆಲಸ. ಇಡ್ಲಿ ಹಿಟ್ಟು ರಾತ್ರಿಯಿಡೀ ಉಬ್ಬಿ, ಬೆಳಿಗ್ಗೆ ಹಬೆಯಲ್ಲಿ ಬೆಂದು ಆಕಾರ ಹಿಡಿಯುತ್ತದಲ್ಲ, ಆ ಎರಡೂ ಕೆಲಸ ಇಲ್ಲಿ ಒಟ್ಟಿಗೇ ನಡೆಯುತ್ತದೆ. ದ್ರವ ಇಪ್ಪತ್ತೈದು-ಮೂವತ್ತು ಪಟ್ಟು ಉಬ್ಬುತ್ತದೆ, ಉಬ್ಬುತ್ತಲೇ ತನ್ನದೇ ಶಾಖದಿಂದ ಗಟ್ಟಿಯಾಗುತ್ತದೆ.

ಗಟ್ಟಿಯಾದ ಫೋಮ್‌ನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಿರುತ್ತವೆ. ಚಾವಣಿಗೆ ಬಳಸುವ ಬಗೆಯಲ್ಲಿ ಇವುಗಳಲ್ಲಿ ಬಹುಪಾಲು ಬಾಯಿ ಮುಚ್ಚಿದ ಕೋಶಗಳು. ಹಾಸಿಗೆಯ ಸ್ಪಂಜಿನಲ್ಲಿ ಕೋಶಗಳ ಬಾಯಿ ತೆರೆದಿರುವುದರಿಂದ ಅದು ನೀರು ಕುಡಿಯುತ್ತದೆ, ಇದು ಕುಡಿಯುವುದಿಲ್ಲ. ನೀರನ್ನೂ ಶಾಖವನ್ನೂ ತಡೆಯುವ ಶಕ್ತಿ ಈ ಮುಚ್ಚಿದ ಕೋಶಗಳಿಂದ ಬಂದದ್ದು.

ಇಲ್ಲಿ ನೆನಪಿಡಬೇಕಾದ ಇನ್ನೊಂದು ಸಂಖ್ಯೆ ಸಾಂದ್ರತೆ. ಗೋಡೆಯ ಒಳಗೆ ತುಂಬುವ ಫೋಮ್ ಘನ ಮೀಟರಿಗೆ 32 ಕಿಲೋ ಆಸುಪಾಸು ತೂಗಿದರೆ ಸಾಕು. ಚಾವಣಿಯ ಮೇಲೆ ಜನ ನಡೆಯುತ್ತಾರೆ, ಏಣಿ ಇಡುತ್ತಾರೆ. ಅಲ್ಲಿಗೆ 40ರಿಂದ 48 ಕಿಲೋ ಸಾಂದ್ರತೆಯ ಫೋಮ್ ಬೇಕು. ಕೊಟೇಶನ್ನಿನಲ್ಲಿ ಬರೀ ‘ಪಿಯು ಫೋಮ್, ಎರಡು ಇಂಚು’ ಎಂದು ಬರೆದಿದ್ದರೆ ಸಾಂದ್ರತೆ ಎಷ್ಟು ಎಂದು ಕೇಳಲೇಬೇಕು. ಕಡಿಮೆ ಸಾಂದ್ರತೆಯದು ಅಗ್ಗ, ನೋಡಲು ಒಂದೇ ಥರ, ಕಾಲಿಟ್ಟಾಗ ಮಾತ್ರ ತಗ್ಗುತ್ತದೆ.

ಹಳೆಯ ಕಟ್ಟಡಕ್ಕೆ ಹಗುರವೇ ವರ

ತಾರಸಿ ಸೋರಿದರೆ ನಮ್ಮಲ್ಲಿ ಬಹುಕಾಲದಿಂದ ಮಾಡುತ್ತಾ ಬಂದದ್ದು ಇಟ್ಟಿಗೆ ಚೂರು, ಸಿಮೆಂಟ್ ಗಾರೆ ಹಾಕಿ ಇಳಿಜಾರು ಎಳೆಯುವ ಕೋಬಾ ಕೆಲಸ. ಚೆನ್ನಾಗಿ ಮಾಡಿದರೆ ಬಾಳಿಕೆ ಬರುತ್ತದೆ. ಆದರೆ ತೂಕ? ಸರಾಸರಿ ನಾಲ್ಕು ಇಂಚು ದಪ್ಪದ ಕೋಬಾ ಚದರ ಮೀಟರಿಗೆ ಸುಮಾರು 190 ಕಿಲೋ ಭಾರ ಹೇರುತ್ತದೆ. ಹತ್ತು ಸಾವಿರ ಚದರ ಅಡಿಯ ತಾರಸಿಗೆ ಲೆಕ್ಕ ಹಾಕಿದರೆ 170 ಟನ್ ದಾಟುತ್ತದೆ. ಅಷ್ಟೇ ಜಾಗಕ್ಕೆ ಎರಡು ಇಂಚು ಫೋಮ್ ಹೊಡೆದರೆ ಅದರ ತೂಕ ಎರಡು ಟನ್ ಆಸುಪಾಸು. ಮೇಲಿನ ಲೇಪನ ಸೇರಿಸಿದರೂ ಹೆಚ್ಚೆಂದರೆ ಮೂರು, ಮೂರೂವರೆ ಟನ್.

ಹಳೆಯ ಕಟ್ಟಡದ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಅದರ ಕಂಬ, ತೊಲೆಗಳನ್ನು ಕಟ್ಟಿದಾಗ ಇಷ್ಟೇ ಭಾರ ಹೊರಬೇಕೆಂದು ಲೆಕ್ಕ ಹಾಕಿದ್ದಾರೆ. ಕಬ್ಬಿಣ ಸ್ವಲ್ಪ ತುಕ್ಕು ಹಿಡಿದಿದೆ. ಹಿಂದೊಮ್ಮೆ ಸೋರಿದಾಗ ಹಾಕಿದ ಒಂದು ಪದರ ಕೋಬಾ ಆಗಲೇ ಮೇಲಿರಬಹುದು. ಅಂಥ ಕಟ್ಟಡದ ಮೇಲೆ ಇನ್ನೂ ನೂರೆಪ್ಪತ್ತು ಟನ್ ಹೇರುವುದಕ್ಕಿಂತ ಮೂರು ಟನ್ ಹೇರುವುದು ಎಷ್ಟೋ ಮೇಲು.

ಒಂದು ತಪ್ಪು ಕಲ್ಪನೆ ಇಲ್ಲೇ ಬಿಡಿಸಿಕೊಳ್ಳಬೇಕು. ಫೋಮ್ ಕಟ್ಟಡಕ್ಕೆ ಭಾರ ಕೊಡುವುದಿಲ್ಲ, ಹಾಗೆಂದು ಬಲವನ್ನೂ ಕೊಡುವುದಿಲ್ಲ. ತುಕ್ಕು ತಿಂದು ಜರಡಿಯಾದ ಶೀಟಿನ ಮೇಲೆ, ಕಬ್ಬಿಣ ಹೊರಗೆ ಕಾಣುವ ಸ್ಲ್ಯಾಬಿನ ಮೇಲೆ ಫೋಮ್ ಹೊಡೆದರೆ ರೋಗ ಕಾಣದಂತಾಗುತ್ತದೆ ಅಷ್ಟೆ. ಕೊಳೆತ ಶೀಟು ಬದಲಾಯಿಸಬೇಕು, ಸ್ಲ್ಯಾಬಿನ ದುರಸ್ತಿ ಮುಗಿಸಬೇಕು, ಆಮೇಲೆ ಫೋಮ್.

ಎರಡು ಇಂಚಿಗೆ ಹತ್ತು ಅಡಿ

ಶಾಖ ಒಂದು ವಸ್ತುವಿನ ಮೂಲಕ ಎಷ್ಟು ಸುಲಭವಾಗಿ ಹಾಯುತ್ತದೆ ಎಂಬುದಕ್ಕೆ ಒಂದು ಅಳತೆಯಿದೆ, ಉಷ್ಣವಾಹಕತೆ. ಆರ್‌ಸಿಸಿಗೆ ಅದು ಸುಮಾರು 1.58, ಗಟ್ಟಿ ಪಿಯು ಫೋಮ್‌ಗೆ ಸುಮಾರು 0.025. ಸಂಖ್ಯೆ ಚಿಕ್ಕದಾದಷ್ಟೂ ತಡೆ ಹೆಚ್ಚು. ಭಾಗಿಸಿ ನೋಡಿದರೆ, ಎರಡು ಇಂಚು ಫೋಮ್ ಕೊಡುವ ತಡೆಯನ್ನು ಬರೀ ಕಾಂಕ್ರೀಟಿನಿಂದ ಪಡೆಯಲು ಹತ್ತು ಅಡಿ ದಪ್ಪದ ಸ್ಲ್ಯಾಬು ಬೇಕಾಗುತ್ತದೆ.

ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ 1970ರ ದಶಕದಿಂದ ತನ್ನ ಹಳೆಯ ಕಟ್ಟಡಗಳ ಚಾವಣಿಗೆ ಫೋಮ್ ಹೊಡೆಸುತ್ತಾ ಬಂತು. ಕರೆಂಟಿನಲ್ಲಿ ಆದ ಉಳಿತಾಯದಿಂದಲೇ ಖರ್ಚು ಸರಾಸರಿ ನಾಲ್ಕೂವರೆ ವರ್ಷದಲ್ಲಿ ವಾಪಸಾಯಿತೆಂದು ಅಲ್ಲಿನ ಇಂಜಿನಿಯರುಗಳು ಲೆಕ್ಕ ಕೊಟ್ಟರು. ಈ ಉದಾಹರಣೆಯನ್ನು ಫೋಮ್ ಉದ್ಯಮದವರು ಮತ್ತೆ ಮತ್ತೆ ಹೇಳುತ್ತಾರೆ. ಆದರೆ ಅವು ವರ್ಷದ ಬಹುಕಾಲ ಎಸಿ ಓಡುವ ಕಟ್ಟಡಗಳು. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿಗೋ, ಔಷಧ ಗೋದಾಮಿಗೋ, ಎಸಿ ಇರುವ ಕಚೇರಿಗೋ ಈ ತರ್ಕ ಹೊಂದುತ್ತದೆ. ಫ್ಯಾನು ಮಾತ್ರ ತಿರುಗುವ ಶೆಡ್ಡಿನಲ್ಲಿ ಉಳಿಸಲು ಎಸಿ ಬಿಲ್ಲೇ ಇಲ್ಲ. ಅಲ್ಲಿ ಸಿಗುವ ಲಾಭ ಕೆಲಸಗಾರರ ಮೈಗೆ ಸಿಗುವ ತಂಪು. ಕಾದ ತಗಡು ಮೇಲಿನಿಂದ ತಲೆಗೆ ಸೂಸುವ ಝಳ ನಿಲ್ಲುತ್ತದೆ. ಅದು ದೊಡ್ಡದೇ, ಆದರೆ ಅದನ್ನು ನಾಲ್ಕೂವರೆ ವರ್ಷದ ಲೆಕ್ಕದಲ್ಲಿ ಹಿಡಿಯಲಾಗದು.

ಕುಲುಮೆ, ಬಾಯ್ಲರ್ ಇರುವ ಶೆಡ್ಡುಗಳ ಕಥೆ ಬೇರೆ. ಅಲ್ಲಿ ಬಿಸಿ ಹುಟ್ಟುವುದೇ ಒಳಗೆ. ಹೊರಹೋಗಲು ದಾರಿ ಮಾಡದೆ ಚಾವಣಿ ಮುಚ್ಚಿದರೆ ಸಂಜೆ ಹೊತ್ತು ಇನ್ನಷ್ಟು ಬಿಸಿ ಕೂಡಿಕೊಳ್ಳಬಹುದು. ಹಾಗೆಯೇ, ಸೋರಿಕೆಯಿಲ್ಲದೆ ಬಿಸಿಯೊಂದೇ ತೊಂದರೆಯಾಗಿದ್ದರೆ ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುವ ಬಿಳಿ ಲೇಪನ ಫೋಮ್‌ಗಿಂತ ಬಹಳ ಅಗ್ಗದ ದಾರಿ. ಅದನ್ನು ಮೊದಲು ನೋಡುವುದು ಒಳ್ಳೆಯದು.

ತೇವ ಎಂಬ ಶತ್ರು

ಫೋಮ್ ಚಾವಣಿ ಹಾಳಾಗುವ ಕತೆಗಳನ್ನು ಹಿಂದಕ್ಕೆ ಎಳೆದುಕೊಂಡು ಹೋದರೆ ಹೆಚ್ಚಿನವು ಬಂದು ನಿಲ್ಲುವುದು ಇಲ್ಲೇ. ಕಾರಣ ರಸಾಯನಶಾಸ್ತ್ರದಲ್ಲೇ ಇದೆ. ಐಸೊಸಯನೇಟ್‌ಗೆ ಪಾಲಿಯಾಲ್ ಜೊತೆ ಸೇರಬೇಕು. ಆದರೆ ನೀರು ಸಿಕ್ಕಿದರೆ ಅದರ ಜೊತೆಗೂ ಅದು ಸೇರಿ ಇಂಗಾಲದ ಡೈಆಕ್ಸೈಡ್ ಹುಟ್ಟಿಸುತ್ತದೆ. ಒದ್ದೆ ಚಾವಣಿಗೆ ಫೋಮ್ ಬಿದ್ದಾಗ, ಅದು ಅಂಟಿಕೊಳ್ಳಬೇಕಾದ ತಳದಲ್ಲೇ ಈ ಅನಿಲ ಎದ್ದು ದೊಡ್ಡ ಗುಳ್ಳೆಗಳ ಪುಡಿಪುಡಿ ಪದರವೊಂದು ಉಳಿಯುತ್ತದೆ. ಮೇಲೆ ನೋಡಿದರೆ ಫೋಮ್ ಚೆನ್ನಾಗಿಯೇ ಇರುತ್ತದೆ, ಕೆಳಗೆ ಹಿಡಿತವಿರುವುದಿಲ್ಲ.

ಎರಡನೆಯ ಅಪಾಯ ನಿಧಾನದ್ದು. ಹತ್ತಾರು ಮಳೆಗಾಲ ಸೋರಿದ ಕೋಬಾ ಪದರದೊಳಗೆ ನೀರು ಕೂತಿರುತ್ತದೆ. ಮೇಲ್ಭಾಗ ಏಪ್ರಿಲ್‌ನಲ್ಲಿ ಬಿಳಿಚಿ ಒಣಗಿದಂತೆ ಕಂಡರೂ ಒಡೆದು ನೋಡಿದರೆ ಒಳಗೆ ತಂಪು. ಅದರ ಮೇಲೆ ಫೋಮ್ ಮುಚ್ಚಿದರೆ ಆ ನೀರಿಗೆ ಮೇಲೆ ಹೋಗುವ ದಾರಿಯಿಲ್ಲ. ಬಿಸಿಲಿಗೆ ಆವಿಯಾಗಿ ಒತ್ತಿ ಫೋಮ್ ಅನ್ನು ಗುಳ್ಳೆಯಂತೆ ಎಬ್ಬಿಸುತ್ತದೆ, ಇಲ್ಲವೇ ಕೆಳಗಿಳಿದು ಸ್ಲ್ಯಾಬಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಹೊಸ ಚಾವಣಿ ಹಾಕಿಸಿದ ಮೇಲೂ ಒಳಗಿನಿಂದ ಸಿಮೆಂಟು ಉದುರುವುದು ನಿಲ್ಲದಿದ್ದರೆ ಇದನ್ನು ಅನುಮಾನಿಸಬೇಕು.

ಹಾಗಾಗಿ ಮೊದಲ ಕೆಲಸ ಪರೀಕ್ಷೆ. ಚಾವಣಿಯ ಹಲವು ಕಡೆ ಸಣ್ಣ ತುಂಡು ಕೊರೆದು ತೆಗೆದು ಒಳಪದರಗಳಲ್ಲಿ ಏನಿದೆ, ಎಷ್ಟು ಒದ್ದೆಯಿದೆ ಎಂದು ನೋಡುತ್ತಾರೆ. ಸೂರ್ಯ ಮುಳುಗಿದ ಮೇಲೆ ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದರೂ ತಿಳಿಯುತ್ತದೆ. ಹಗಲು ಹೀರಿದ ಶಾಖವನ್ನು ಒದ್ದೆ ಜಾಗ ನಿಧಾನವಾಗಿ ಬಿಡುವುದರಿಂದ ಒಣ ಜಾಗಕ್ಕಿಂತ ಬೆಚ್ಚಗೆ ಕಾಣುತ್ತದೆ. ಯಾವ ಯಂತ್ರವೂ ಬೇಡದ ಪರೀಕ್ಷೆಯೊಂದಿದೆ, ಮಾಲೀಕರೇ ಮಾಡಬಹುದು: ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಾಂಕ್ರೀಟಿನ ಮೇಲೆ ಹಾಸಿ ನಾಲ್ಕೂ ಅಂಚನ್ನು ಟೇಪಿನಿಂದ ಬಿಗಿಯಾಗಿ ಮುಚ್ಚಿ. ಹದಿನಾರು ಗಂಟೆಯಾದರೂ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ, ಕೆಳಗಿನ ಕಾಂಕ್ರೀಟ್ ಕಪ್ಪಾಗಿದ್ದರೆ, ಸ್ಲ್ಯಾಬು ಇನ್ನೂ ಸಿದ್ಧವಾಗಿಲ್ಲ.

ಒದ್ದೆ ಪದರ ಸಿಕ್ಕರೆ ಅಷ್ಟು ಭಾಗವನ್ನು ಕಿತ್ತು ತೆಗೆಯಲೇಬೇಕು. ‘ಏನೂ ಕೀಳುವುದು ಬೇಡ’ ಎಂಬ ಭರವಸೆ ಒಣ ಚಾವಣಿಗೆ ಮಾತ್ರ ಸಲ್ಲುತ್ತದೆ. ಪರೀಕ್ಷೆಯನ್ನೇ ಮಾಡದೆ, ಟೇಪು ಹಿಡಿದು ಚದರ ಅಡಿ ಅಳೆದು ದರ ಹೇಳುವವರಿಗೆ ಕೆಲಸ ಕೊಡುವ ಮುನ್ನ ಎರಡು ಸಲ ಯೋಚಿಸಬೇಕು.

ಸಿಮೆಂಟ್ ಶೀಟಿನ ಶೆಡ್ಡುಗಳು

ನಮ್ಮ ಹಳೆಯ ಶೆಡ್ಡುಗಳಲ್ಲಿ ಬಹಳಷ್ಟಕ್ಕೆ ಇರುವುದು ತಗಡಲ್ಲ, ಸಿಮೆಂಟ್ ಶೀಟು. ಅದರೊಳಗೆ ಆಸ್ಬೆಸ್ಟಾಸ್ ನಾರಿದೆ. ಎಲ್ಲ ಬಗೆಯ ಆಸ್ಬೆಸ್ಟಾಸ್ ಕೂಡ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶೀಟು ಸುಮ್ಮನೆ ಇದ್ದಾಗ ನಾರು ಸಿಮೆಂಟಿನಲ್ಲಿ ಬಂದಿಯಾಗಿರುತ್ತದೆ. ಒಡೆದಾಗ, ಕೊರೆದಾಗ, ಉಜ್ಜಿದಾಗ ಗಾಳಿಗೆ ಏಳುತ್ತದೆ. ಫೋಮ್ ಹಿಡಿಯಬೇಕಾದರೆ ಮೇಲ್ಮೈ ಸ್ವಚ್ಛವಾಗಿರಬೇಕು. ಪಾಚಿ ಹತ್ತಿದ, ಮೇಲ್ಪದರ ಸವೆದ ಹಳೆಯ ಶೀಟನ್ನು ಪ್ರೆಶರ್ ವಾಷರ್‌ನಿಂದ ತೊಳೆಯುವುದು, ತಂತಿ ಬ್ರಷ್ಷಿನಿಂದ ತಿಕ್ಕುವುದು ಎಂದರೆ ಆ ನಾರನ್ನೇ ಎಬ್ಬಿಸಿದಂತೆ.

ಇನ್ನೊಂದು ಅಪಾಯ ಕಾಲಿನಡಿಯದು. ಹಳೆಯ ಸಿಮೆಂಟ್ ಶೀಟು ಆಳಿನ ಭಾರ ತಾಳದೆ ಒಡೆಯುತ್ತದೆ, ಮೇಲಿದ್ದವರು ನೇರವಾಗಿ ಯಂತ್ರಗಳ ಮೇಲೆ ಬೀಳುತ್ತಾರೆ. ಶೀಟನ್ನು ಹೊತ್ತ ಅಡ್ಡಪಟ್ಟಿಗಳಾದ ಪರ್ಲಿನ್‌ಗಳ ಮೇಲೆ ಹಲಗೆ ಹಾಸಿ, ಸೊಂಟಕ್ಕೆ ಬೆಲ್ಟು ಕಟ್ಟಿ ನಡೆಯಬೇಕಾದ ಜಾಗ ಅದು. ಫೋಮ್ ಮುಚ್ಚಿದ ಮೇಲೆ ಅದೇ ಶೀಟು ಬೆಳ್ಳಗೆ, ಸಪಾಟಾಗಿ, ಗಟ್ಟಿ ನೆಲದಂತೆ ಕಾಣುತ್ತದೆ. ಕೆಳಗಿನ ಶೀಟು ಮಾತ್ರ ಅದೇ ಹಳೆಯದು. ಎರಡು ವರ್ಷದ ನಂತರ ಕೇಬಲ್ ಎಳೆಯಲು ಹತ್ತುವ ಹುಡುಗನಿಗೆ ಅದು ಹೇಗೆ ಗೊತ್ತಾಗಬೇಕು? ಕೊನೆಗೊಂದು ದಿನ ಶೀಟು ತೆಗೆಯಬೇಕಾಗಿ ಬಂದಾಗ, ಅದಕ್ಕೆ ಅಂಟಿದ ಫೋಮ್ ಕೂಡ ಆಸ್ಬೆಸ್ಟಾಸ್ ತ್ಯಾಜ್ಯವೇ ಆಗುತ್ತದೆ. ಸಿಮೆಂಟ್ ಶೀಟಿನ ಶೆಡ್ಡಿಗೆ, ಜೋಪಾನವಾಗಿ ಶೀಟು ಇಳಿಸಿ ಬೇರೆ ಚಾವಣಿ ಹಾಕುವುದೇ ನನ್ನ ದೃಷ್ಟಿಯಲ್ಲಿ ಸರಿಯಾದ ದಾರಿ, ಖರ್ಚು ಹೆಚ್ಚಾದರೂ.

ಸಿಂಪಡಿಸುವ ದಿನ

ತಗಡಿನ ಚಾವಣಿಯಾದರೆ ತುಕ್ಕು ಕೆರೆದು ಪ್ರೈಮರ್ ಬಳಿದಿರಬೇಕು, ಸಡಿಲ ಬೋಲ್ಟು ಬಿಗಿದಿರಬೇಕು, ಬೆಳಕಿನ ಶೀಟುಗಳನ್ನೂ ಟರ್ಬೊ ವೆಂಟಿಲೇಟರುಗಳನ್ನೂ ಮುಚ್ಚಿರಬೇಕು. ನಂತರ ನೋಡಬೇಕಾದದ್ದು ಆಕಾಶ. ಮಳೆಯ ಸೂಚನೆಯಿದ್ದರೆ ಕೆಲಸವಿಲ್ಲ. ಬೆಳಗಿನ ಇಬ್ಬನಿ ಪೂರ್ತಿ ಆರಿರಬೇಕು. ಚಾವಣಿಯ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ ಮೂರು ಡಿಗ್ರಿ ಮೇಲಿರಬೇಕೆಂಬುದು ಈ ಕಸುಬಿನ ನಿಯಮ. ಕರಾವಳಿಯಲ್ಲಿ ಇದಕ್ಕೆ ಸಿಗುವ ತಿಂಗಳುಗಳು ಕಡಿಮೆ, ಬಯಲುಸೀಮೆಯಲ್ಲಿ ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ.

ಗಾಳಿ ಗಂಟೆಗೆ 20-25 ಕಿಲೋಮೀಟರ್ ದಾಟಿದರೂ ನಿಲ್ಲಿಸಬೇಕು. ಗನ್ನಿನಿಂದ ಹೊರಟ ಸಣ್ಣ ಹನಿಗಳು ಗಾಳಿಯಲ್ಲಿ ತೇಲಿಹೋಗಿ ಪಕ್ಕದ ಅಂಗಳದ ಕಾರಿನ ಮೇಲೆ, ಗಾಜಿನ ಮೇಲೆ ಕೂತು ಅಲ್ಲೇ ಗಟ್ಟಿಯಾಗುತ್ತವೆ. ಒಂದಕ್ಕೊಂದು ಭುಜ ತಾಗಿಸಿ ನಿಂತ ಶೆಡ್ಡುಗಳ ನಡುವೆ ಇದು ದೊಡ್ಡ ತಲೆನೋವು. ಅಕ್ಕಪಕ್ಕದವರಿಗೆ ಮೊದಲೇ ಹೇಳಿ ವಾಹನ ಸರಿಸುವುದು, ಗಾಳಿ ತಡೆಯುವ ಪರದೆ ಕಟ್ಟುವುದು ಕೆಲಸದ ಭಾಗವೇ.

ಎರಡು ಇಂಚನ್ನು ಒಂದೇ ಸಲಕ್ಕೆ ಹೊಡೆಯುವುದಿಲ್ಲ. ಅರ್ಧ ಇಂಚಿನಿಂದ ಒಂದೂವರೆ ಇಂಚಿನ ಪದರಗಳಲ್ಲಿ ಹೊಡೆಯುತ್ತಾರೆ. ಕ್ರಿಯೆಯಲ್ಲಿ ಹುಟ್ಟುವ ಶಾಖ ದಪ್ಪ ಪದರದ ನಡುವೆ ಸಿಕ್ಕಿಕೊಂಡರೆ ಫೋಮ್ ಒಳಗೊಳಗೇ ಸುಟ್ಟು ಕಪ್ಪಾಗುತ್ತದೆ, ಬೆಂಕಿಯೇ ಹತ್ತಿದ್ದೂ ಇದೆ. ಮುಗಿದ ಫೋಮ್‌ನ ಮೈ ಹೇಗಿದೆ ಎಂಬುದನ್ನು ಹೇಳಲು ಈ ಕಸುಬಿನವರಲ್ಲಿ ಅವರದೇ ಹೆಸರುಗಳಿವೆ. ನಯವಾಗಿದ್ದರೆ, ಕಿತ್ತಳೆ ಸಿಪ್ಪೆಯಂತಿದ್ದರೆ ಒಪ್ಪಿಗೆ. ಪಾಪ್‌ಕಾರ್ನ್‌ನಂತೆ ಉಬ್ಬುತಗ್ಗಾಗಿದ್ದರೆ, ಮರದ ತೊಗಟೆಯಂತಿದ್ದರೆ ತಿರಸ್ಕಾರ. ಅಂಥ ಮೈಯ ಗುಂಡಿಗಳಿಗೆ ಲೇಪನ ಇಳಿಯುವುದಿಲ್ಲ. ಮಾಲೀಕರು ಮೇಲೆ ಹತ್ತಿ ಕಣ್ಣಿನಿಂದಲೇ ನೋಡಿ ತಿಳಿಯಬಹುದಾದ ವಿಷಯ ಇದು.

ತಗಡಿನ ಶೀಟಿಗೆ ಏಣು, ಕಣಿವೆ ಇರುತ್ತವೆ. ‘ಎರಡು ಇಂಚು’ ಎಂದಾಗ ಅದು ಏಣಿನ ಮೇಲಿನ ದಪ್ಪವೋ, ಕಣಿವೆಯೊಳಗಿನದೋ? ಒಂದು ಇಂಚು ಆಳದ ಕಣಿವೆಯಲ್ಲಿ ಎರಡು ಇಂಚು ತುಂಬಿ ಸಪಾಟು ಮಾಡಿದರೆ ಏಣಿನ ಮೇಲೆ ಉಳಿಯುವುದು ಒಂದೇ ಇಂಚು. ಜಗಳ ಹುಟ್ಟುವುದು ಇಂಥ ಕಡೆ, ಕರಾರಿನಲ್ಲಿ ಬರೆಸಿಕೊಂಡರೆ ಹುಟ್ಟುವುದಿಲ್ಲ. ನೀರು ನಿಲ್ಲುವ ತಗ್ಗುಗಳಿದ್ದರೆ ಅಲ್ಲಿ ಫೋಮ್ ಹೆಚ್ಚು ದಪ್ಪ ಕೊಟ್ಟು ಇಳಿಜಾರು ಸರಿಪಡಿಸಬಹುದು. ನೂರು ಅಡಿಗೆ ಎರಡು ಅಡಿ ಇಳಿತ ಸಿಕ್ಕರೆ ನೀರು ಸರಾಗ ಹರಿಯುತ್ತದೆ. ಸಿಂಪಡಿಸುವ ಪಾಲಿಯುರೆಥೇನ್‌ಗೆ ಭಾರತೀಯ ಮಾನಕವೂ ಇದೆ, ಐಎಸ್ 12432ರ ಮೂರನೇ ಭಾಗ. ಕರಾರಿನಲ್ಲಿ ಅದರ ಉಲ್ಲೇಖವಿರಲಿ.

ಗನ್ ಹಿಡಿದವರ ಆರೋಗ್ಯದ ಮಾತು ಹೇಳದೆ ಮುಂದೆ ಹೋಗಲಾಗದು. ಐಸೊಸಯನೇಟ್ ಹನಿ ಶ್ವಾಸಕೋಶಕ್ಕೆ ಹೋದರೆ ಅಸ್ತಮಾ ಹತ್ತಿಕೊಳ್ಳುತ್ತದೆ. ಒಮ್ಮೆ ದೇಹ ಅದಕ್ಕೆ ಸಂವೇದಿಯಾದರೆ ಆಮೇಲೆ ಲವಲೇಶ ತಾಗಿದರೂ ಉಸಿರು ಕಟ್ಟುತ್ತದೆ. ಅವರಿಗೆ ಬೇಕಾದದ್ದು ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖಗವಸು, ಮೈ ಮುಚ್ಚುವ ಉಡುಪು, ಕೈಗವಸು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಫೋಮ್ ಹೊಡೆಯುವುದು ಕಂಡರೆ ಕೆಲಸ ನಿಲ್ಲಿಸುವ ಹಕ್ಕೂ ಹೊಣೆಯೂ ಕೆಲಸ ಕೊಟ್ಟವರಿಗಿದೆ. ಸಿಂಪಡಿಸುವಾಗ ಕೆಳಗಿನ ಶೆಡ್ಡು ಖಾಲಿಯಿರಬೇಕು, ಎಸಿಯ ಗಾಳಿ ಎಳೆಯುವ ಬಾಯಿಗಳು ಮುಚ್ಚಿರಬೇಕು.

ಲೇಪನವಿಲ್ಲದ ಫೋಮ್ ಚಾವಣಿಯೇ ಅಲ್ಲ

ಫೋಮ್ ನೀರಿಗೆ ಜಗ್ಗುವುದಿಲ್ಲ, ಬಿಸಿಲಿಗೆ ಜಗ್ಗುತ್ತದೆ. ನೇರಳಾತೀತ ಕಿರಣ ತಾಗಿದಂತೆ ತಿಳಿಹಳದಿ ಬಣ್ಣ ಕಂದಾಗಿ, ಮೇಲ್ಮೈ ಪುಡಿಯಾಗಿ ಉದುರತೊಡಗುತ್ತದೆ. ಆದ್ದರಿಂದ ಹೊಡೆದ ಒಂದೆರಡು ದಿನದೊಳಗೆ ಮೇಲೆ ಲೇಪನ ಬೀಳಬೇಕು. ‘ಮುಂದಿನ ವಾರ ಕೋಟಿಂಗ್ ಮಾಡೋಣ’ ಎನ್ನುವಂತಿಲ್ಲ. ತಡವಾದರೆ ಕಂದಾದ ಪದರವನ್ನು ಕೆರೆದು ಮತ್ತೆ ಫೋಮ್ ಹೊಡೆಯಬೇಕು.

ಲೇಪನಗಳಲ್ಲಿ ಅಕ್ರಿಲಿಕ್ ಅಗ್ಗ, ಬಳಿಯಲು ಸುಲಭ. ನೀರು ನಿಂತಲ್ಲಿ ಮಾತ್ರ ಬೇಗ ಸೋಲುತ್ತದೆ. ಸಿಲಿಕೋನ್ ನಿಂತ ನೀರನ್ನೂ ಬಿಸಿಲನ್ನೂ ಚೆನ್ನಾಗಿ ತಾಳುತ್ತದೆ. ಆದರೆ ಒದ್ದೆಯಾದಾಗ ಬಹಳ ಜಾರುತ್ತದೆ, ಧೂಳು ಹಿಡಿಯುತ್ತದೆ, ಮುಂದೆ ಅದರ ಮೇಲೆ ಸಿಲಿಕೋನ್ ಬಿಟ್ಟು ಬೇರೇನೂ ಅಂಟದು. ಓಡಾಟ ಹೆಚ್ಚಿರುವ ಚಾವಣಿಗೆ ಪಾಲಿಯುರೆಥೇನ್ ಅಥವಾ ಪಾಲಿಯೂರಿಯ ಗಟ್ಟಿ ಹೊದಿಕೆ ಕೊಡುತ್ತವೆ. ಯಾವುದೇ ಆದರೂ ಎರಡು ಕೋಟು ಬೇಕು. ಒಂದೊಂದು ಕೋಟಿಗೆ ಒಂದೊಂದು ಬಣ್ಣ ಹೇಳಿ. ಬಿಟ್ಟುಹೋದ ಜಾಗ ಆಗ ತಾನಾಗಿ ಕಾಣುತ್ತದೆ.

ಚಂಡಮಾರುತದ ಊರಿನ ಚಾವಣಿ

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಸೂಪರ್‌ಡೋಮ್ ಕ್ರೀಡಾಂಗಣ 1975ರಲ್ಲಿ ತೆರೆಯಿತು. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಅಪ್ಪಳಿಸಿದಾಗ ಸಾವಿರಾರು ಜನ ಆಶ್ರಯ ಪಡೆದಿದ್ದ ಆ ಗುಮ್ಮಟದ ಹೊರಹೊದಿಕೆ ಕಿತ್ತುಹೋಗಿ ಒಳಗೆ ಮಳೆ ಸುರಿಯಿತು. ದುರಸ್ತಿಯಲ್ಲಿ ಕೆಟ್ಟ ಲೋಹದ ಹಾಸುಗಳನ್ನು ಬದಲಾಯಿಸಿ, ಅದರ ಮೇಲೆ ಫೋಮ್ ಸಿಂಪಡಿಸಿ, ಲೇಪನ ಕೊಟ್ಟರು. 2006ರ ಸೆಪ್ಟೆಂಬರ್ 25ರಂದು ಅಲ್ಲಿ ಮತ್ತೆ ಆಟ ನಡೆಯಿತು. ಗಾಳಿ ಚಾವಣಿಯನ್ನು ಎತ್ತುವುದು ಅಂಚಿನಿಂದ, ಸಡಿಲ ಜೋಡಿನಿಂದ. ಇಡೀ ಮೈಗೆ ಅಂಟಿಕೊಂಡ ಫೋಮ್‌ನಲ್ಲಿ ಗಾಳಿಗೆ ಬೆರಳು ತೂರಿಸಲು ಜಾಗ ಸಿಗುವುದಿಲ್ಲ. ಅಲ್ಲೂ ಕೆಟ್ಟ ಹಾಸು ಮೊದಲು ಹೋಯಿತು, ಫೋಮ್ ಆಮೇಲೆ ಬಂತು ಎಂಬುದು ಗಮನಿಸಬೇಕಾದ್ದು.

ಬೆಂಕಿಯ ಪ್ರಶ್ನೆ

ಫೋಮ್ ಉರಿಯುತ್ತದೆ. ಬೆಂಕಿ ನಿರೋಧಕ ಬೆರೆಸಿದ್ದಾರೆ ಎಂದರೆ ಬೇಗ ಹೊತ್ತಿಕೊಳ್ಳುವುದಿಲ್ಲ, ನಿಧಾನವಾಗಿ ಹರಡುತ್ತದೆ ಎಂದರ್ಥವೇ ಹೊರತು ಉರಿಯುವುದಿಲ್ಲ ಎಂದಲ್ಲ. ಉರಿದಾಗ ಬರುವ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಇರುತ್ತದೆ.

ಹೊರಗೆ, ಕಾಂಕ್ರೀಟಿನ ಮೇಲೆ, ಲೇಪನದಡಿ ಇರುವ ಫೋಮ್ ಒಂದು ಮಟ್ಟಿನ ಅಪಾಯ. ಶೆಡ್ಡಿನ ಒಳಮೈಗೆ, ಶೀಟಿನ ಕೆಳಗೆ ಹೊಡೆದು ಹಾಗೇ ಬಿಟ್ಟ ಫೋಮ್ ಬೇರೆಯೇ ಮಟ್ಟಿನದು. ನಮ್ಮಲ್ಲಿ ಒಳಗಿನಿಂದ ಹೊಡೆಯುವ ರೂಢಿಯೂ ಇದೆ. ದಕ್ಷಿಣ ಕೊರಿಯಾದ ಇಚಾನ್‌ನಲ್ಲಿ 2008ರ ಜನವರಿಯಲ್ಲಿ ಕೋಲ್ಡ್ ಸ್ಟೋರೇಜೊಂದಕ್ಕೆ ಬೆಂಕಿ ಬಿದ್ದು 40 ಮಂದಿ ಸತ್ತರು. ಅದೇ ಊರಿನಲ್ಲಿ 2020ರ ಏಪ್ರಿಲ್‌ನಲ್ಲಿ ಕಟ್ಟುತ್ತಿದ್ದ ಗೋದಾಮಿನ ಬೆಂಕಿ 38 ಜನರನ್ನು ಬಲಿ ತೆಗೆದುಕೊಂಡಿತು. ಎರಡರಲ್ಲೂ ಒಳಗಿನ ಯುರೆಥೇನ್ ಫೋಮ್ ಬೆಂಕಿಯನ್ನು ಹರಡಿತು. ಒಳಗೆ ಫೋಮ್ ಹೊಡೆಸಲೇಬೇಕೆಂದರೆ ಅದರ ಮೇಲೆ ಜಿಪ್ಸಮ್ ಬೋರ್ಡಿನಂಥ ಬೆಂಕಿತಡೆ ಹೊದಿಕೆ ಬೇಕು. ಫೋಮ್ ಇರುವ ಚಾವಣಿಯ ಹತ್ತಿರ ವೆಲ್ಡಿಂಗ್, ಗ್ಯಾಸ್ ಕಟಿಂಗ್ ಮಾಡುವುದಾದರೆ ಆ ಭಾಗದ ಫೋಮ್ ತೆಗೆದು, ನಂದಿಸುವ ಸಾಧನ ಕೈಯಲ್ಲಿ ಹಿಡಿದ ಒಬ್ಬರನ್ನು ನಿಲ್ಲಿಸಿ ಮಾಡಬೇಕು. ಕಟ್ಟಡದ ವಿಮೆ ಮಾಡಿದ ಕಂಪನಿಗೆ ಫೋಮ್ ಹಾಕಿಸುವ ಮೊದಲೇ ತಿಳಿಸಬೇಕು, ಆಮೇಲಲ್ಲ.

ಗುಳ್ಳೆಯೊಳಗಿನ ಅನಿಲ

ನೊರೆ ಎಬ್ಬಿಸುವ ಅನಿಲಕ್ಕೂ ಒಂದು ಇತಿಹಾಸವಿದೆ. ಮೊದಲಿಗೆ ಬಳಸುತ್ತಿದ್ದ ಸಿಎಫ್‌ಸಿ-11 ಓಜೋನ್ ಪದರಕ್ಕೆ ಮಾರಕವೆಂದು 1987ರ ಮಾಂಟ್ರಿಯಲ್ ಒಪ್ಪಂದದಡಿ ಹಂತಹಂತವಾಗಿ ಹೊರಹೋಯಿತು. ಅದರ ಜಾಗಕ್ಕೆ ಬಂದ ಎಚ್‌ಸಿಎಫ್‌ಸಿ-141ಬಿ ಕಡಿಮೆ ಕೆಟ್ಟದ್ದು. ಅದರ ಆಮದನ್ನೂ ಭಾರತ 2020ರ ಜನವರಿ 1ರಿಂದ ನಿಲ್ಲಿಸಿತು. ಎಚ್‌ಎಫ್‌ಸಿ-245ಎಫ್ಎ ಓಜೋನ್‌ಗೆ ತೊಂದರೆ ಕೊಡದಿದ್ದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟು ಮುಂದು. ಎಚ್‌ಎಫ್‌ಒ ಎಂಬ ಹೊಸ ಬಗೆಯದು ಈ ಎರಡೂ ದೋಷಗಳಿಂದ ಬಹುಮಟ್ಟಿಗೆ ದೂರ, ಬೆಲೆ ಹೆಚ್ಚು. ಡ್ರಮ್ಮಿನ ಜೊತೆ ಬರುವ ತಾಂತ್ರಿಕ ಹಾಳೆಯಲ್ಲಿ ಯಾವುದಿದೆ ಎಂದು ಬರೆದಿರುತ್ತದೆ.

ಹಾಕಿಸಿದ ಮೇಲೆ

ಫೋಮ್ ಚಾವಣಿಯ ಆಯಸ್ಸು ಅಡಗಿರುವುದು ಲೇಪನದಲ್ಲಿ. ಲೇಪನ ಹತ್ತರಿಂದ ಇಪ್ಪತ್ತು ವರ್ಷಗಳಲ್ಲಿ ಸವೆಯುತ್ತದೆ. ಫೋಮ್ ಕಾಣುವ ಮೊದಲೇ ತೊಳೆದು, ಒಣಗಿಸಿ, ಮತ್ತೊಂದು ಕೋಟು ಕೊಟ್ಟರೆ ಕೆಳಗಿನ ಫೋಮ್ ಹಾಗೇ ಉಳಿಯುತ್ತದೆ. ಪೂರ್ತಿ ಕಿತ್ತು ಹೊಸದು ಹಾಕುವ ಪ್ರಮೇಯ ಬರುವುದಿಲ್ಲ. ಮೊದಲ ದಿನದ ಖರ್ಚು ಹೆಚ್ಚಿರುವ ಈ ಚಾವಣಿ ದೀರ್ಘಕಾಲಕ್ಕೆ ಕೈಗೆಟುಕುವುದು ಈ ಕಾರಣಕ್ಕೆ. ಮರುಲೇಪನಕ್ಕೆ ದುಡ್ಡು ಎತ್ತಿಡುವ ಮನಸ್ಸಿಲ್ಲದವರು ಬೇರೆ ಬಗೆಯ ಚಾವಣಿ ನೋಡುವುದು ಮೇಲು.

ವರ್ಷಕ್ಕೆ ಎರಡು ಸಲ, ಮಳೆಗಾಲದ ಮುಂಚೆ ಮತ್ತು ಆಮೇಲೆ, ಮೇಲೆ ಹತ್ತಿ ನೋಡಬೇಕು. ಗಟರ್‌ನಲ್ಲಿ ಕೂತ ಎಲೆ ತೆಗೆಯುವುದು, ಹಕ್ಕಿಗಳು ಕುಕ್ಕಿದ ತೂತು, ಯಾರೋ ಬೀಳಿಸಿದ ಸ್ಪ್ಯಾನರ್‌ನಿಂದ ಆದ ಗಾಯ ಹುಡುಕುವುದು. ಇಂಥ ಸಣ್ಣ ತೂತಿನಿಂದ ಕೂಡಲೇ ಒಳಗೆ ಸೋರುವುದಿಲ್ಲ, ಮುಚ್ಚಿದ ಕೋಶಗಳು ನೀರನ್ನು ಅಲ್ಲಲ್ಲೇ ತಡೆಯುತ್ತವೆ. ಸೋರದ ಕಾರಣ ಯಾರ ಕಣ್ಣಿಗೂ ಬೀಳದೆ ಬಿಸಿಲು ಆ ತೂತನ್ನು ವರ್ಷಗಟ್ಟಲೆ ತಿನ್ನುತ್ತಾ ಹೋಗುತ್ತದೆ. ಕೆಟ್ಟ ಭಾಗವನ್ನು ಚಾಕುವಿನಿಂದ ಕತ್ತರಿಸಿ ತೆಗೆದು, ಲೇಪನದ ಜಾತಿಗೆ ಹೊಂದುವ ಸೀಲಂಟ್ ತುಂಬಿದರೆ ಹತ್ತು ನಿಮಿಷದ ಕೆಲಸ. ಎಸಿಯ ಹೊರಘಟಕ, ಸೋಲಾರ್ ಫಲಕ, ಮೊಬೈಲ್ ಟವರ್ ಕೂರಿಸಲು ಬರುವವರು ಫೋಮ್‌ನಲ್ಲಿ ತೂತು ಕೊರೆಯುವ ಮೊದಲು ಚಾವಣಿ ಮಾಡಿದವರನ್ನು ಕರೆಸಬೇಕು. ಅವರ ನಡೆದಾಟಕ್ಕೆ ಗುರುತಿನ ದಾರಿಯೊಂದನ್ನು ಮೊದಲೇ ದಪ್ಪ ಲೇಪನದಿಂದ ಮಾಡಿಸಿಟ್ಟರೆ ಉಳಿದ ಚಾವಣಿಯ ಮೇಲೆ ಬೂಟು ಬೀಳುವುದು ತಪ್ಪುತ್ತದೆ.